ಒಂದು ನಾಮಪದದ ಬೆಲೆ

ಈ ಸ್ಮರಣ ಸಂಚಿಕೆಯ ಕೊನೆಯ ಪುಟಗಳಲ್ಲಿ ಅಚ್ಚಾಗಲಿರುವ ದಾನಿಗಳ ಪಟ್ಟಿಗೆ ಈ ಬಾರಿ ಇಂಗ್ಲಿಷಿನಲ್ಲಿಯೂ ಒಂದು ಅಂಕಣವಿರಬೇಕೆಂದು ಸಂಪಾದಕ ಮಂಡಲಿಯವರು ನಿರ್ಧರಿಸಿದರು. ಹೊರನಾಡುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಓದಲಾರರು; ಅಜ್ಜನ ಹೆಸರಿನ ಮುಂದೆ ಏನು ಬರೆದಿದೆಯೆಂಬುದು ಅವರಿಗೂ ತಿಳಿಯಲಿ ಎಂಬುದು ಮಂಡಲಿಯವರ ಆಶಯ. ಯೋಗ್ಯವಾದ ಆಶಯವೇ ಸರಿ. ಅಂಕಣವನ್ನು ಸಿದ್ಧಪಡಿಸಿದವರು ನಮ್ಮ ಇಂಗ್ಲಿಷ್ ಶಿಕ್ಷಕರು, ತರುಣರು, ಚುರುಕಿನವರು. “ಕನ್ನಡದ ಕಡೆಯಿಂದ ಒಮ್ಮೆ ನೋಡಿಕೊಡಿ ಗುರುಗಳೇ” ಎಂದು ಕರಡನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನೋಡಿದೆ. ಕನ್ನಡದಲ್ಲಿ ದತ್ತಿ, ದೇಣಿಗೆ, ವಂತಿಗೆ, ಕಾಣಿಕೆ ಎಂದು ನಾಲ್ಕು ಬಗೆಯಾಗಿದ್ದುದೆಲ್ಲವೂ ಇಂಗ್ಲಿಷಿನಲ್ಲಿ ‘ಡೊನೇಷನ್’ ಎಂಬ ಒಂದೇ ಶಬ್ದವಾಗಿ, ಪುಟದ ಮೇಲಿನಿಂದ ಕೆಳಗಿನವರೆಗೆ ಇರುವೆಯ ಸಾಲಿನಂತೆ ಹರಿದಿತ್ತು.

“ಎಲ್ಲವೂ ಕೊಟ್ಟದ್ದೇ ಅಲ್ಲವೆ?” ಎಂದರು ಅವರು, ನಾನು ಆಕ್ಷೇಪಿಸಿದಾಗ.

ಕೊಟ್ಟದ್ದೇ. ಆದರೆ ದತ್ತಿಯನ್ನು ಕೊಟ್ಟವರು ಮೂಲಧನವನ್ನು ಮುಟ್ಟಬಾರದೆಂದು ಕೊಟ್ಟಿದ್ದಾರೆ. ಅದರ ಬಡ್ಡಿಯಿಂದ ವರ್ಷವರ್ಷವೂ ಒಬ್ಬ ವಿದ್ಯಾರ್ಥಿಗೆ ಬಹುಮಾನವೋ ಪುಸ್ತಕವೋ ಸಲ್ಲಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ‘ಎಂಡೋಮೆಂಟ್’ ಎಂಬ ಬೇರೆಯೇ ಶಬ್ದವುಂಟು. ದೇಣಿಗೆಯನ್ನು ಖರ್ಚುಮಾಡಬಹುದು. ವಂತಿಗೆಯಲ್ಲಿ ಪಾಲಿನ ಭಾವವಿದೆ. ಹತ್ತು ಜನ ಸೇರಿ ಎತ್ತಿದ ಭಾರದಲ್ಲಿ ತನ್ನ ಹೆಗಲು. ಕಾಣಿಕೆಯಲ್ಲಿ ಕೊಡುವವನ ಕೈ ಕೆಳಗಿರುತ್ತದೆ. ದತ್ತಿಯ ಮುಂದೆ ‘ಡೊನೇಷನ್’ ಎಂದು ಅಚ್ಚಾಯಿತೆನ್ನಿ. ಹದಿನೈದು ವರ್ಷಗಳ ಬಳಿಕ ಬರುವ ಯಾವನೋ ಕಾರ್ಯದರ್ಶಿ ಈ ಸಂಚಿಕೆಯನ್ನೇ ದಾಖಲೆಯೆಂದು ಹಿಡಿದು, ಆ ಮೂಲಧನವನ್ನು ಕಾಂಪೌಂಡಿನ ಸುಣ್ಣಬಣ್ಣಕ್ಕೆ ಬಳಸಿದರೆ ಅವನನ್ನು ತಪ್ಪೆನ್ನುವಂತಿಲ್ಲ. ಇನ್ನು ‘ಡೊನೇಷನ್’ ಎಂಬ ಶಬ್ದಕ್ಕೆ ನಮ್ಮ ನಾಡಿನಲ್ಲಿ ಅಂಟಿಕೊಂಡಿರುವ ಅರ್ಥವಂತೂ ಎಲ್ಲರೂ ಬಲ್ಲದ್ದೇ. ಶಾಲೆಗೆ ಸೇರಿಸಿಕೊಳ್ಳಲು ಕಸಿಯುವ ಹಣಕ್ಕೆ ಆ ಹೆಸರು ನಿಂತುಹೋಗಿ, ಅದನ್ನು ತಡೆಯಲೆಂದೇ ೧೯೮೪ರಲ್ಲಿ ಕರ್ನಾಟಕದಲ್ಲಿ ಒಂದು ಕಾಯಿದೆಯಾಯಿತು. ಅಂಥ ಶಬ್ದವನ್ನು ನಮ್ಮ ದಾನಿಗಳ ಹೆಸರಿನ ಪಕ್ಕದಲ್ಲಿ ಕೂರಿಸುವುದೇ?

ನನ್ನ ತರುಣ ಮಿತ್ರರು ನಕ್ಕು, “ಕನ್ನಡ ಪಂಡಿತರಿಗೆ ಇಂಗ್ಲಿಷಿನ ಶಬ್ದಗಳ ಮೇಲೆ ಇಷ್ಟೇಕೆ ಹಟ?” ಎಂದರು. ಆ ಪ್ರಶ್ನೆಗೆ ಆಗ ಉತ್ತರ ಹೇಳದೆ ಕರಡನ್ನು ಮಡಿಸಿ ಚೀಲಕ್ಕಿಟ್ಟುಕೊಂಡೆ. ಉತ್ತರವಿದು.

ನಾನು ವಾಸವಾಗಿರುವುದು ಮಲವಗೊಪ್ಪದಲ್ಲಿ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ‘ಕೊಪ್ಪ’ ಎಂಬುದರ ಕಕಾರವು ಗಕಾರವಾಗಿರುವುದನ್ನು ತೋರಿಸಿ, ಆದೇಶ ಸಂಧಿಗೆ ‘ಮಳೆಗಾಲ’ವನ್ನೇ ಏಕೆ ಹುಡುಕುತ್ತೀರಿ, ನಮ್ಮ ಊರಿನ ಹೆಸರನ್ನೇ ಹೇಳಿ ಎಂದು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಕೊಪ್ಪವೆಂದರೆ ಹಳ್ಳಿಗಿಂತಲೂ ಚಿಕ್ಕದು. ಈಗ ನಗರವು ಬೆಳೆದುಬಂದು ಕೊಪ್ಪವನ್ನು ತನ್ನೊಳಗೆ ಸೇರಿಸಿಕೊಂಡಿದೆ, ಹೆಸರು ಮಾತ್ರ ಹಾಗೆಯೇ ಇದೆ.

ಈ ಹೆದ್ದಾರಿಯ ಉದ್ದಕ್ಕೂ ಬಾಳಿದವರಿಗೆ ಕಾರ್ಖಾನೆಯೆಂಬುದು ಹೊಲಗದ್ದೆಗಳಷ್ಟೇ ಹತ್ತಿರದ ವಸ್ತು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ ೧೯೧೮ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಕಬ್ಬಿಣದ ಕಾರ್ಖಾನೆಗೆ ಬುನಾದಿ ಬಿತ್ತು. ೧೯೨೩ರಲ್ಲಿ ಕಬ್ಬಿಣ ಹರಿಯಿತು. ೧೯೩೬ರಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ನಮ್ಮ ಮಲವಗೊಪ್ಪದಲ್ಲಿಯೇ ತುಂಗಭದ್ರಾ ಸಕ್ಕರೆ ಕಾರ್ಖಾನೆಯಿತ್ತು. ಕನ್ನಡದಲ್ಲಿ ಮೂರಕ್ಕೂ ಕಾರ್ಖಾನೆಯೆಂದೇ ಹೆಸರು. ಇಂಗ್ಲಿಷಿನಲ್ಲಿ ಮಾತ್ರ ಕಬ್ಬಿಣದ್ದು ‘ವರ್ಕ್ಸ್’, ಕಾಗದದ್ದು ‘ಮಿಲ್ಸ್’, ಸಕ್ಕರೆಯದು ಮತ್ತೆ ‘ವರ್ಕ್ಸ್’. ಬಹುವಚನದ ವೇಷ ತೊಟ್ಟು ಏಕವಚನದ ಕೆಲಸ ಮಾಡುವ ‘ವರ್ಕ್ಸ್’ ಎಂಬ ಪದವು ಎಳೆಯ ವಯಸ್ಸಿನಲ್ಲಿ ನನ್ನನ್ನು ಬಹಳ ಕಾಡಿತ್ತು. ಮಿಲ್ ಎಂದರೆ ಮೂಲದಲ್ಲಿ ಬೀಸುವ ಕಲ್ಲು. ಫ್ಯಾಕ್ಟರಿಯೆಂದರೆ ಹದಿನೇಳನೆಯ ಶತಮಾನದ ಕಂಪನಿಯವರಿಗೆ ಸರಕು ತಯಾರಿಸುವ ಜಾಗವಾಗಿರಲಿಲ್ಲ, ವ್ಯಾಪಾರದ ಏಜೆಂಟರು ಇಳಿದುಕೊಳ್ಳುವ ಕೋಠಿಯಾಗಿತ್ತು. ನಮ್ಮ ಕಾರ್ಖಾನೆ ಪಾರಸಿಯಿಂದ ಬಂದದ್ದು: ಕೆಲಸದ ಮನೆ. ಅದರಷ್ಟು ನೇರವಾದ ಮಾತು ಇಂಗ್ಲಿಷಿನ ಈ ಮೂರರಲ್ಲಿ ಒಂದೂ ಇಲ್ಲವೆಂದು ನನ್ನ ಅಭಿಪ್ರಾಯ. ಪಂಡಿತನ ಪಕ್ಷಪಾತವೆಂದರೆ ಅನ್ನಲಿ.

ಇಂಥ ಶಬ್ದವಿನೋದಗಳಲ್ಲಿ ಸುಖವಾಗಿದ್ದವನು ನಾನು. ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವನು. ಬಳಿಕ ಗುರುಗಳ ಪಾದದ ಬಳಿ ಕುಳಿತು ಶಬ್ದಮಣಿದರ್ಪಣವನ್ನು ಸೂತ್ರಸೂತ್ರವಾಗಿ ಓದಿದವನು. ಕೋಶವನ್ನು ಕಂಠಸ್ಥ ಮಾಡಿದವರಿಗೆ ಒಂದು ಅಭ್ಯಾಸ ಬೆಳೆದುಬಿಡುತ್ತದೆ. ಒಂದು ಪದ ಕಿವಿಗೆ ಬಿದ್ದೊಡನೆ ಅದರ ಪರ್ಯಾಯಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಛಂದಸ್ಸಿಗೋ ಪ್ರಾಸಕ್ಕೋ ಹೊಂದುವ ಒಂದನ್ನು ಎತ್ತಿಕೊಂಡರಾಯಿತು, ಉಳಿದವು ಬೇಸರಪಡುವುದಿಲ್ಲ. ಹಾಗಿಲ್ಲವೆಂದು ಗುರುಗಳು ಎಚ್ಚರಿಸಿಯೂ ಇದ್ದರು. ಕುಮಾರಸಂಭವದ ಐದನೆಯ ಸರ್ಗದಲ್ಲಿ ವಟುವೇಷದ ಶಿವನು ಪಾರ್ವತಿಯ ಮುಂದೆ ತನ್ನನ್ನೇ ಹಳಿಯುವಾಗ, ಕವಿಯು ಪಿನಾಕಿಯೆನ್ನದೆ ಕಪಾಲಿಯೆಂದದ್ದು ಏಕೆ ಎಂಬುದರ ಮೇಲೆ ಒಂದು ಇಡೀ ಬೆಳಗು ಪಾಠ ನಡೆದಿತ್ತು. ಕುಂತಕನು ವಕ್ರೋಕ್ತಿಜೀವಿತದಲ್ಲಿ ಇದನ್ನು ವಿಚಾರಮಾಡಿದ್ದಾನೆ. ಬಿಲ್ಲನ್ನು ಹಿಡಿದವನೂ ತಲೆಯೋಡನ್ನು ಹಿಡಿದವನೂ ಒಬ್ಬನೇ ದೇವರು. ಆದರೆ ಹೀಗಳೆಯುವ ಬಾಯಿಗೆ ಬೇಕಾದದ್ದು ತಲೆಯೋಡು. ಕಾವ್ಯದಲ್ಲಿ ಇದನ್ನು ಚೆನ್ನಾಗಿಯೇ ಅರಿತುಕೊಂಡೆ.

೧೯೯೮ರ ಮಳೆಗಾಲ. ನಾನು ಕೆಲಸಕ್ಕೆ ಸೇರಿ ಬಹಳ ದಿನಗಳಾಗಿರಲಿಲ್ಲ. ನನ್ನ ತರಗತಿಯ ಹುಡುಗಿಯೊಬ್ಬಳ ತಂದೆ ಒಂದು ಸಂಜೆ ಮನೆಗೆ ಬಂದರು. ಈ ಕಡೆಯ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚು ಕಟ್ಟುವ ಕೆಲಸ ಅವರದು. ಆ ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಹನ್ನೊಂದು ವರ್ಷ ಏಳು ತಿಂಗಳ ಸೇವೆ. ಜಗಲಿಯ ಮೇಲೆ ಕುಳಿತು, ಕೊಟ್ಟ ಮಜ್ಜಿಗೆಯನ್ನು ಕುಡಿದು, ಹೀಗೆಂದರು: “ಯುಗಾದಿ ಕಳೆದ ಮೇಲೆ ನನ್ನನ್ನೂ ಇನ್ನೂ ಮೂವರನ್ನೂ ಕೆಲಸ ಬಿಡಿಸಿದ್ರು ಮೇಷ್ಟ್ರೇ. ಕಾರ್ಖಾನೆ ನಡೀತಾನೇ ಇದೆ. ನಮ್ಮ ಲೆಕ್ಕ ಚುಕ್ತಾ ಮಾಡಿ ಅಂತ ಇಂಗ್ಲಿಷಲ್ಲಿ ಒಂದು ಅರ್ಜಿ ಬರ್ಕೊಡಿ. ಯಜಮಾನ್ರ ಆಫೀಸು ಬೇರೆ ರಾಜ್ಯದಲ್ಲಿದೆ, ಅಲ್ಲಿ ಕನ್ನಡ ನಡೆಯಲ್ಲ.”

ಇಂಗ್ಲಿಷ್ ಬಲ್ಲವರನ್ನು ಕೇಳಿ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಇಪ್ಪತ್ತೆಂಟರ ವಯಸ್ಸು, ಕನ್ನಡ ಪಂಡಿತನಿಗೆ ಇಂಗ್ಲಿಷ್ ಬಾರದೆಂಬ ಊರಿನ ನಗೆಗೆ ಒಂದು ಉತ್ತರ ಕೊಡುವ ಆಸೆ. ಕಿಟ್ಟೆಲರ ನಿಘಂಟನ್ನು ತೆಗೆದು ಕುಳಿತೆ. ಅರ್ಜಿಯ ಮಾದರಿಯಲ್ಲಿ ಮೊದಲಿಗೆ ‘ವಿಷಯ’ ಎಂಬ ಸಾಲು. ಅಲ್ಲಿಗೆ ಒಂದು ನಾಮಪದ ಬೇಕು. ‘ಡಿಸ್ಮಿಸಲ್’ ಎಂಬುದು ನನಗೆ ಗೊತ್ತಿತ್ತು. ಆದರೆ ಅದರಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವನನ್ನು ಹೊರದಬ್ಬಿದ ವಾಸನೆ ಬಡಿಯಿತು. ಈ ಮರ್ಯಾದಸ್ಥರಿಗೆ ಅದು ತಕ್ಕದ್ದಲ್ಲ. ‘ರಿಟ್ರೆಂಚ್‌ಮೆಂಟ್’ ಎಂಬುದು ಪತ್ರಿಕೆಗಳಲ್ಲಿ ಕಣ್ಣಿಗೆ ಬಿದ್ದಿದ್ದರೂ ಅದರೊಳಗೆ ಕಂದಕ ತೋಡುವ ಸದ್ದು ಕೇಳಿಸಿ ಪಕ್ಕಕ್ಕಿಟ್ಟೆ. ಕೆಲಸವನ್ನು ಬಿಡುವುದೆಂದರೆ ತ್ಯಾಗ. ತ್ಯಾಗಕ್ಕೆ ಸಮೀಪವೂ ಘನತೆಯುಳ್ಳದ್ದೂ ಆದ ಶಬ್ದ ‘ರೆಸಿಗ್ನೇಷನ್’. ಮಂತ್ರಿಗಳು ಕೊಡುವುದೂ ಅದನ್ನೇ ಅಲ್ಲವೆ? ಅಂದವಾದ ಅಕ್ಷರಗಳಲ್ಲಿ ಬರೆದು ಓದಿ ತೋರಿಸಿದೆ. ಅವರು ನನ್ನ ಮುಖವನ್ನು ನಂಬಿಕೆಯಿಂದ ನೋಡಿ, ಕೆಳಗೆ ಸಹಿ ಹಾಕಿದರು.

ಒಂದೂವರೆ ತಿಂಗಳಿಗೆ ಉತ್ತರ ಬಂದಿತು. ತಮ್ಮ ರಾಜೀನಾಮೆಯನ್ನು ತಾವೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ ಗ್ರಾಚ್ಯುಟಿಯನ್ನು ಕೊಡಲಾಗುವುದು, ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ, ಎಂದು ಅದರ ಸಾರ. ಅದರಲ್ಲಿ ತಪ್ಪೇನಿದೆಯೆಂದು ನನಗಾದರೂ ತಿಳಿದಿದ್ದರೆ ತಾನೆ! ಇಬ್ಬರೂ ಆ ಕಾಗದವನ್ನು ಹಿಡಿದುಕೊಂಡು ಭದ್ರಾವತಿಗೆ ಹೋದೆವು. ಅಲ್ಲಿಯ ಹಳೇನಗರದಲ್ಲಿ, ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು; ಕಾರ್ಮಿಕ ಸಂಘದಲ್ಲಿ ಬಹುಕಾಲ ದುಡಿದವರು, ಶಾಲೆಯಲ್ಲಿ ಓದಿದ್ದು ಏಳನೆಯ ತರಗತಿಯವರೆಗೆ. ಅರ್ಜಿಯ ನಕಲನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು. ಆಮೇಲೆ, “ಈ ಪದ ಯಾರು ಹಾಕಿದ್ದು?” ಎಂದರು.

“ನಾನು.”

“ಮೇಷ್ಟ್ರೇ, ಒಂದು ಮನೆ ಅಂದ್ಕೊಳಿ,” ಎಂದು ಅವರು ತೊಡಗಿದರು. “ಒಲೆ ಆರಿದೆ, ಸೌದೆ ಬಂದ ಮೇಲೆ ಮತ್ತೆ ಹಚ್ತೀವಿ, ಅಲ್ಲೀವರೆಗೆ ಅರ್ಧ ಹೊಟ್ಟೇಲಿರಿ ಅಂದ್ರೆ ಅದು ಲೇಆಫ್. ಸೌದೆನೂ ಇದೆ, ಅಕ್ಕಿನೂ ಇದೆ, ನೀವು ಜಗಳ ಆಡಿದ್ರಿ ಅಂತ ಬಾಗ್ಲು ಹಾಕಿದ್ರೆ ಲಾಕೌಟು. ಒಲೆನೇ ಕಿತ್ತು ಹಾಕಿದ್ರೆ ಕ್ಲೋಷರ್. ಒಲೆ ಉರೀತಿದೆ, ಪಂಕ್ತಿನೂ ನಡೀತಿದೆ, ಊಟಕ್ಕೆ ಕೂತವನ ಎಲೆ ಎತ್ತಿದ್ರೆ ಅದು ರಿಟ್ರೆಂಚ್‌ಮೆಂಟು. ಇವ್ರದ್ದು ಅದು. ನೀವು ಬರೆದಿರೋದು ಏನು ಗೊತ್ತಾ? ಇವ್ರೇ ಹೊಟ್ಟೆ ತುಂಬಿತು ಅಂತ ಕೈ ತೊಳ್ಕೊಂಡು ಎದ್ದು ಹೋದ್ರು ಅಂತ.”

ಕೋಶಕಾರರೂ ವ್ಯಾಖ್ಯಾನಕಾರರೂ ಎಷ್ಟೋ ಮಂದಿಯನ್ನು ಓದಿದ್ದೇನೆ. ನಾಲ್ಕು ಪರ್ಯಾಯಪದಗಳ ಭೇದವನ್ನು ನಾಲ್ಕು ವಾಕ್ಯಗಳಲ್ಲಿ ಇಷ್ಟು ನಿಚ್ಚಳವಾಗಿ ಹೇಳಿದವರನ್ನು ಕಂಡಿಲ್ಲ.

ಬಳಿಕ ಕಾಯಿದೆಯ ಪುಸ್ತಕವನ್ನು ತರಿಸಿ ನಾನೇ ಓದಿದೆ. ಆಗ ಜಾರಿಯಲ್ಲಿದ್ದುದು ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆ. ಹಿರಿಯರು ಹೇಳಿದ ಒಂದೊಂದು ಪದಕ್ಕೂ ಅದರಲ್ಲಿ ಒಂದೊಂದು ವ್ಯಾಖ್ಯೆಯಿತ್ತು, ಒಂದೊಂದು ವ್ಯಾಖ್ಯೆಗೂ ಒಂದೊಂದು ಬೆಲೆಯಿತ್ತು. ಲೇಆಫ್ ಆದವರಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧಭಾಗ. ‘ಅರ್ಧ ಹೊಟ್ಟೆ’ಯೆಂದು ಅವರು ಅಂದದ್ದು ಅಲಂಕಾರಕ್ಕಾಗಿ ಅಲ್ಲ. ಶಿಸ್ತಿನ ಕ್ರಮದ ಶಿಕ್ಷೆಯಾಗಿ ಅಲ್ಲದೆ ಬೇರೆ ಯಾವುದೇ ಕಾರಣಕ್ಕೆ ಮಾಲೀಕನು ಕೆಲಸಗಾರನನ್ನು ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಈ ‘ಯಾವುದೇ ಕಾರಣ’ವೆಂಬುದನ್ನು ಅಗಲವಾಗಿಯೇ ತೆಗೆದುಕೊಳ್ಳಬೇಕೆಂದು ಸುಪ್ರೀಂ ಕೋರ್ಟು ೧೯೭೬ರಲ್ಲಿಯೇ ಹೇಳಿತ್ತು. ಹಾಗೆ ತೆಗೆದಾಗ ಒಂದು ತಿಂಗಳ ನೋಟೀಸು ಅಥವಾ ಅದರ ಬದಲಿಗೆ ವೇತನ, ಅಲ್ಲದೆ ಪೂರ್ಣಗೊಂಡ ಒಂದೊಂದು ವರ್ಷಕ್ಕೂ ಹದಿನೈದು ದಿನಗಳ ಸರಾಸರಿ ವೇತನ. ಆರು ತಿಂಗಳಿಗೆ ಮೀರಿದ ಭಾಗವೂ ವರ್ಷವೆಂದೇ ಲೆಕ್ಕ. ಹನ್ನೊಂದು ವರ್ಷ ಏಳು ತಿಂಗಳು ಹನ್ನೆರಡಾಯಿತು. ಹನ್ನೆರಡನ್ನು ಹದಿನೈದರಿಂದ ಗುಣಿಸಿದರೆ ೧೮೦ ದಿನ. ಆರು ತಿಂಗಳ ಅನ್ನ. ತಾನಾಗಿಯೇ ಬಿಟ್ಟವನಿಗೆ ೧೯೭೨ರ ಕಾಯಿದೆಯಂತೆ ಐದು ವರ್ಷ ದುಡಿದಿದ್ದರೆ ಗ್ರಾಚ್ಯುಟಿ ಸಿಕ್ಕುತ್ತಿತ್ತು, ಈ ಪರಿಹಾರ ಸಿಕ್ಕುತ್ತಿರಲಿಲ್ಲ. ನನ್ನ ಘನತೆಯ ಶಬ್ದದ ಬೆಲೆ ಅಷ್ಟು.

ಆ ರಾತ್ರಿ ನನ್ನನ್ನು ಚುಚ್ಚಿದ್ದು ಇಂಗ್ಲಿಷಿನ ಅಜ್ಞಾನವಲ್ಲ. ಇಂಗ್ಲಿಷ್ ಬಾರದವನೆಂದು ಯಾರ ಮುಂದೆ ಬೇಕಾದರೂ ಒಪ್ಪಿಕೊಂಡೇನು. ಅವರು ನನ್ನ ಮುಂದೆ ಕುಳಿತು ಅಚ್ಚಕನ್ನಡದಲ್ಲಿ ‘ಬಿಡಿಸಿದ್ರು’ ಎಂದಿದ್ದರು. ‘ಬಿಟ್ಟೆ’ ಎಂದಿರಲಿಲ್ಲ. ಧಾತುವಿಗೆ ‘ಇಸು’ ಸೇರಿದರೆ ಕ್ರಿಯೆ ಮಾಡುವವನು ಒಬ್ಬ, ಮಾಡಿಸುವವನು ಇನ್ನೊಬ್ಬ. ಕೇಶಿರಾಜನಿಂದ ಕಲಿತು ಮಕ್ಕಳಿಗೆ ವರ್ಷವೂ ಕಲಿಸುವ ಪಾಠ. ‘ಮಾಡು, ಮಾಡಿಸು, ಓಡು, ಓಡಿಸು’ ಎಂದು ಕಪ್ಪುಹಲಗೆಯ ಮೇಲೆ ಬರೆದವನು ನಾನೇ. ಆ ‘ಇಸು’ವಿನಲ್ಲಿ ಮಾಲೀಕನಿದ್ದ, ಯುಗಾದಿಯ ಬಳಿಕ ಎಲೆ ಎತ್ತಿದ ಕೈಯಿತ್ತು. ಅದನ್ನು ಒರಸಿಹಾಕಿದೆ. ಕನ್ನಡವು ಕರ್ತೃವನ್ನು ಕ್ರಿಯಾಪದದ ಬಾಲದಲ್ಲಿ ಕಟ್ಟಿಡುತ್ತದೆ. ಇಂಗ್ಲಿಷಿನ ಕಛೇರಿಭಾಷೆ ಅವನನ್ನು ನಾಮಪದದ ಹೊಟ್ಟೆಯೊಳಗೆ ಹುದುಗಿಸುತ್ತದೆ. ಯಾವ ನಾಮಪದದ ಹೊಟ್ಟೆಯಲ್ಲಿ ಯಾರಿದ್ದಾರೆಂದು ನೋಡದೆ ಆರಿಸಿದರೆ ಹೀಗಾಗುತ್ತದೆ.

ಇನ್ನೂ ಒಂದು ಉಂಟು. ಅಮರಸಿಂಹನು ತ್ಯಾಗವನ್ನೂ ದಾನವನ್ನೂ ವಿಸರ್ಜನವನ್ನೂ ಒಂದೇ ಗುಂಪಿನ ಪರ್ಯಾಯಗಳಾಗಿ ಹೇಳಿದ್ದಾನೆ. ಬಿಡುವುದೂ ಕೊಡುವುದೂ ಅವನ ಕೋಶದಲ್ಲಿ ಒಂದೇ ಬಳ್ಳಿಯ ಕಾಯಿಗಳು. ನನ್ನ ಅರ್ಜಿಯಲ್ಲಿಯೂ ಅದೇ ಆಗಿತ್ತು: ಆ ಬಡವರು ತಮ್ಮ ಕೆಲಸವನ್ನು ಮಾಲೀಕನಿಗೆ ದಾನವಾಗಿ ಕೊಟ್ಟಿದ್ದರು. ಮತ್ತು ನಮ್ಮ ‘ರಾಜೀನಾಮೆ’ಯಾದರೂ ಏನು? ರಾಜಿಯೆಂದರೆ ಒಪ್ಪಿಗೆ, ನಾಮೆಯೆಂದರೆ ಪತ್ರ. ಒಪ್ಪಿಗೆಯ ಪತ್ರ. ಪಾರಸಿಯ ಈ ಎರಡು ತುಂಡುಗಳನ್ನು ಬಿಡಿಸಿ ನೋಡಿದ್ದರೂ ಸಾಕಾಗಿತ್ತು. ಅವರು ಯಾವುದಕ್ಕೆ ಒಪ್ಪಿದ್ದರು?

ಹಿರಿಯರು ಹೊಸ ಅರ್ಜಿಯೊಂದನ್ನು ಬರೆಯಿಸಿ ವಿಷಯವನ್ನು ಶಿವಮೊಗ್ಗದ ಕಾರ್ಮಿಕ ಅಧಿಕಾರಿಗಳ ಮುಂದಿಟ್ಟರು. ಸಂಧಾನದ ದಿನ ನಾನೂ ಹೋದೆ. ಎದುರು ಪಕ್ಷದ ವಕೀಲರು ಮೊದಲ ಅರ್ಜಿಯನ್ನು ಮೇಲೆತ್ತಿ ತೋರಿಸಿ, “ಇವರೇ ಬರೆದುಕೊಟ್ಟಿದ್ದಾರಲ್ಲ” ಎಂದರು. ನಾನು ಎದ್ದು ನಿಂತು, “ಸಹಿ ಅವರದು; ಆ ಶಬ್ದ ನನ್ನದು. ಅವರು ಹೇಳಿದ್ದು ಬೇರೆ, ನಾನು ಬರೆದದ್ದು ಬೇರೆ” ಎಂದೆ. “ತಾವು ಯಾರು?” ಎಂದು ಅಧಿಕಾರಿಗಳು ಕೇಳಿದರು. ಕನ್ನಡ ಪಂಡಿತನೆಂದು ಹೇಳುವಾಗ ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಮೂರು ಬಾರಿ ಸೇರಿದ ಮೇಲೆ ರಾಜಿಯಾಯಿತು. ಈ ಸಲ ನಿಜವಾದ ರಾಜಿ. ಆರು ತಿಂಗಳದು ನಾಲ್ಕಕ್ಕೆ ಇಳಿಯಿತು. ಮೊದಲ ಅರ್ಜಿ ಇಲ್ಲದಿದ್ದರೆ ಪೂರ್ತಿ ಬರುತ್ತಿತ್ತೆಂದು ಭದ್ರಾವತಿಯ ಹಿರಿಯರು ಮುಚ್ಚುಮರೆಯಿಲ್ಲದೆ ನನಗೆ ಹೇಳಿದರು. ಉಳಿದ ಎರಡು ತಿಂಗಳ ಹಣವನ್ನು ನನ್ನ ಸಂಬಳದಿಂದ ಕಂತುಗಳಲ್ಲಿ ಕೊಡುತ್ತೇನೆಂದು, ಮೊದಲ ಕಂತನ್ನು ಲಕೋಟೆಯಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಅವರು ಲಕೋಟೆಯನ್ನು ಮುಟ್ಟಲಿಲ್ಲ. “ಇದನ್ನ ಏನು ಅಂತ ತಗೊಳ್ಲಿ ಮೇಷ್ಟ್ರೇ? ಸಂಬಳ ಅಂತಲೋ, ದಾನ ಅಂತಲೋ, ದಂಡ ಅಂತಲೋ? ಹೆಸರಿಲ್ಲದ ದುಡ್ಡು ಮನೇಲಿ ಇಟ್ಕೊಬಾರ್ದು” ಎಂದರು. ಅವರ ಮಗಳು ಬಾಗಿಲ ಬಳಿ ನಿಂತಿದ್ದಳು. ನನಗೆ ಯಾವ ಹೆಸರೂ ಹೊಳೆಯಲಿಲ್ಲ. ಲಕೋಟೆಯನ್ನು ಜೇಬಿಗಿಟ್ಟು ಹಿಂತಿರುಗಿದೆ. ಅವರು ಈಗಿಲ್ಲ.

ಆಮೇಲೆ ಈ ಹೆದ್ದಾರಿಯಲ್ಲಿ ಎಷ್ಟೋ ಬಾಗಿಲುಗಳು ಮುಚ್ಚಿದವು. ನಮ್ಮ ಊರಿನ ಸಕ್ಕರೆ ಕಾರ್ಖಾನೆಯೂ ಇಂದು ಇಲ್ಲ. ೨೦೧೫ರ ಸುಮಾರಿಗೆ ಕಾಗದದ ಕಾರ್ಖಾನೆಯ ಯಂತ್ರಗಳೂ ಸುಮ್ಮನಾದವು. ಪತ್ರಿಕೆಗಳು ಲಾಕೌಟಿಗೆ ‘ಬೀಗಮುದ್ರೆ’ಯೆಂಬ ಸೊಗಸಾದ ಪದವನ್ನು ಕೊಟ್ಟಿವೆ, ಆದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ‘ಲೇಆಫ್’, ‘ಲಾಕೌಟು’, ‘ವಿ.ಆರ್.ಎಸ್.’ ಎಂದು ಮಾತನಾಡುವಾಗ ಅವುಗಳಿಗೆ ಕನ್ನಡವನ್ನು ಸೂಚಿಸುವ ಉತ್ಸಾಹ ನನಗೀಗ ಇಲ್ಲ. ಅವರು ಆ ಪದಗಳನ್ನು ಬೆಲೆ ತೆತ್ತು ಕೊಂಡವರು. ಹಳೆಯ ಕಾಯಿದೆಯ ಸ್ಥಾನಕ್ಕೆಂದು ೨೦೨೦ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಯಲ್ಲಿಯೂ ಈ ನಾಮಪದಗಳು ಒಂದೂ ಬಿಡದೆ ಕುಳಿತಿವೆ.

ಇಷ್ಟನ್ನು ನನ್ನ ತರುಣ ಮಿತ್ರರಿಗೆ ಮರುದಿನ ವಿರಾಮದ ವೇಳೆಯಲ್ಲಿ ಹೇಳಿದೆ. ಅವರು ಏನೂ ಮಾತನಾಡದೆ ಕರಡನ್ನು ತೆಗೆದುಕೊಂಡು ನನ್ನ ಪಕ್ಕದಲ್ಲಿ ಕುಳಿತರು. ದತ್ತಿಗಳ ಮುಂದೆ ‘ಎಂಡೋಮೆಂಟ್’ ಬಂದಿತು. ಕಟ್ಟಡದ ವಂತಿಗೆ ‘ಕಾಂಟ್ರಿಬ್ಯೂಷನ್’ ಆಯಿತು. ಕಾಣಿಕೆಗೆ ಅವರು ‘ಗಿಫ್ಟ್’ ಎಂದರು, ನಾನು ‘ಆಫರಿಂಗ್’ ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಜಗಳವಾಡಿ, ಅವರೇ ಸೋತರು. ‘ದಾಸೋಹ’ವೆಂದಿದ್ದ ಕಡೆ ಮಾತ್ರ ಇಬ್ಬರೂ ಕೈಚೆಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ದಾಸೋಹವೆಂದೇ ಬರೆದೆವು.

ಪಟ್ಟಿಯಲ್ಲಿ ಒಂದೇ ಒಂದು ಸಾಲು ಇನ್ನೂ ಖಾಲಿಯಿದೆ. ವಿದ್ಯಾರ್ಥಿನಿಲಯಕ್ಕೆ ಪ್ರತಿ ಸುಗ್ಗಿಗೂ ಎರಡು ಮೂಟೆ ಅಕ್ಕಿಯನ್ನು ತಂದು ಇಳಿಸಿ, ರಸೀದಿಯನ್ನೂ ಕೇಳದೆ ಹೋಗುವ ರೈತರೊಬ್ಬರು ಇದ್ದಾರೆ. ಕನ್ನಡದ ಅಂಕಣದಲ್ಲಿ ಅವರ ಹೆಸರಿನ ಮುಂದೆ ಯಾರೋ ‘ದೇಣಿಗೆ’ಯೆಂದು ಬರೆದಿದ್ದಾರೆ, ಅವರು ಹಾಗೆಂದು ಹೇಳಿದ್ದರೆ ಎಂಬುದು ಯಾರಿಗೂ ನೆನಪಿಲ್ಲ. ಸೋಮವಾರ ಅವರು ಮೊಮ್ಮಗನನ್ನು ಬಿಡಲು ಬರುತ್ತಾರಂತೆ. ಕೇಳಿ ಬರೆಯುತ್ತೇವೆ, ಒಂದು ದಿನ ತಡವಾಗುತ್ತದೆಯೆಂದು ಮುದ್ರಣಾಲಯದವರಿಗೆ ತಿಳಿಸಿದ್ದೇವೆ.